ವೆಬ್ ಪುಟದಿಂದ ಸರ್ವಿಸ್ ರೀಸ್ಟಾರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲೇಜಿನ ಗ್ರಂಥಾಲಯದ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಓಡುವುದು ಕೋಹಾ ಎಂಬ ಗ್ರಂಥಾಲಯದ ತಂತ್ರಾಂಶ. ಆಗಾಗ ಹುಡುಕಾಟ ನಿಂತುಹೋಗುತ್ತದೆ, ಕೌಂಟರಿನಿಂದ ಫೋನ್ ಬರುತ್ತದೆ, ನಾನು ಎಲ್ಲಿದ್ದರೂ ಲ್ಯಾಪ್‌ಟಾಪ್ ತೆಗೆದು ಒಂದು ಸಾಲು ಹೊಡೆದರೆ ಸರಿಹೋಗುತ್ತದೆ. ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಫೋನ್ ಬಂತು. "ಆ ಒಂದು ಸಾಲಿಗೆ ಒಂದು ಬಟನ್ ಮಾಡಿಕೊಡಿ ಸರ್" ಎಂದರು ಗ್ರಂಥಪಾಲಕರು. ಮಾಡಿಕೊಟ್ಟೆ. ಮೊದಲ ಸಲ ಪೂರ್ತಿ ತಪ್ಪಾಗಿ, ಎರಡನೇ ಸಲ ಅರ್ಧ ತಪ್ಪಾಗಿ. ಆಮೇಲೆ ಬೇರೆ ಕಾಲೇಜುಗಳ ಗೆಳೆಯರು, ಪ್ರಾಜೆಕ್ಟ್ ಮಾಡುವ ಹುಡುಗರು, ಕೌಂಟರಿನವರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಕೂಡಿಸಿದ್ದೇನೆ. ಕಮಾಂಡುಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಎಂದು ಬೇರೆ ಹೇಳಬೇಕಿಲ್ಲ.

## ಶುರುವಿಗೆ

ರೀಸ್ಟಾರ್ಟ್ ಅಂದ್ರೆ ಸರ್ವರ್ ಆಫ್ ಮಾಡಿ ಆನ್ ಮಾಡೋದೇ ತಾನೆ?

ಅಲ್ಲ. ಯಂತ್ರ ಬೇರೆ, ಅದರೊಳಗೆ ಓಡುವ ಸರ್ವಿಸ್ ಬೇರೆ. ಒಂದೇ ಯಂತ್ರದಲ್ಲಿ ವೆಬ್ ಸರ್ವರ್, ಡೇಟಾಬೇಸ್, ಹುಡುಕಾಟದ ಎಂಜಿನ್ ಎಲ್ಲವೂ ಬೇರೆ ಬೇರೆ ಸರ್ವಿಸ್‌ಗಳಾಗಿ ಓಡುತ್ತಿರುತ್ತವೆ. ಅದರಲ್ಲಿ ಒಂದನ್ನು ಮಾತ್ರ ನಿಲ್ಲಿಸಿ ಮತ್ತೆ ಎಬ್ಬಿಸುವುದು ನಾವು ಹೇಳುತ್ತಿರುವ ರೀಸ್ಟಾರ್ಟ್.

ಲಿನಕ್ಸಿನಲ್ಲಿ ಈಗ ಬಹುಪಾಲು ಕಡೆ ಈ ಕೆಲಸ ಸಿಸ್ಟಮ್‌ಡಿಯದು. 2010ರಲ್ಲಿ ಶುರುವಾದ ಅದು 2015ರ ಡೆಬಿಯನ್ 8ರಿಂದ ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲೂ ತಾನಾಗಿ ಬರುತ್ತಿದೆ. ರೀಸ್ಟಾರ್ಟ್ ಅಂದಕೂಡಲೇ ಅದು ಮೊದಲು ಸರ್ವಿಸ್‌ಗೆ ಸಿಗ್‌ಟರ್ಮ್ ಎಂಬ ಸಂಕೇತ ಕಳಿಸುತ್ತದೆ. ಅಂದರೆ 'ಕೈಯಲ್ಲಿರುವ ಕೆಲಸ ಮುಗಿಸಿ ಹೊರಡು'. ಬೇರೆ ಏನೂ ಹೇಳದಿದ್ದರೆ 90 ಸೆಕೆಂಡು ಕಾಯುತ್ತದೆ. ಅಷ್ಟರಲ್ಲೂ ಹೊರಡದಿದ್ದರೆ ಸಿಗ್‌ಕಿಲ್, ಅಂದರೆ ಕುತ್ತಿಗೆ ಹಿಡಿದು ನೂಕುವುದು. "ಬಟನ್ ಒತ್ತಿ ಒಂದು ನಿಮಿಷ ಆಯ್ತು, ಏನೂ ಆಗ್ತಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಆ 90 ಸೆಕೆಂಡೇ ಉತ್ತರ.

ಕೆಟ್ಟರೆ ತಾನಾಗೇ ಏಳೋ ಹಾಗೆ ಮಾಡೋಕಾಗಲ್ವಾ? ಬಟನ್ ಯಾಕೆ ಬೇಕು?

ಆಗುತ್ತದೆ, ಮೊದಲು ಮಾಡಬೇಕಾದ್ದೂ ಅದನ್ನೇ. ಸರ್ವಿಸ್ಸನ್ನು ಹೇಗೆ ಓಡಿಸಬೇಕೆಂದು ಬರೆದಿಡುವ ಯೂನಿಟ್ ಫೈಲಿನಲ್ಲಿ ರೀಸ್ಟಾರ್ಟ್ ಎಂಬ ಸಾಲಿಗೆ ಆನ್-ಫೆಯ್ಲ್ಯೂರ್ ಎಂದು ಕೊಟ್ಟರೆ, ಬಿದ್ದ ಸರ್ವಿಸ್ಸನ್ನು ಸಿಸ್ಟಮ್‌ಡಿಯೇ ಎಬ್ಬಿಸುತ್ತದೆ. ಒಂದು ಎಚ್ಚರಿಕೆ: ಬಿದ್ದ ಮೇಲೆ ಅದು ಕಾಯುವುದು ಬರೀ 100 ಮಿಲಿಸೆಕೆಂಡು, 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿ ನೋಡಿ ಕೈಬಿಡುತ್ತದೆ. ಡೇಟಾಬೇಸ್ ಇನ್ನೂ ಎದ್ದಿಲ್ಲ ಎಂದು ಬೀಳುವ ಸರ್ವಿಸ್ ಹೀಗೆ ಒಂದು ಸೆಕೆಂಡಿನೊಳಗೆ ಐದೂ ಅವಕಾಶ ಮುಗಿಸಿಕೊಂಡು ಮಲಗಿಬಿಡುತ್ತದೆ. ಕಾಯುವ ಹೊತ್ತನ್ನು 10 ಸೆಕೆಂಡಿಗೆ ಏರಿಸಿ.

ಆದರೆ ಇದೆಲ್ಲ ಸತ್ತ ಸರ್ವಿಸ್ ಮಾತಾಯಿತು. ಸಾಯದೆ ಸುಮ್ಮನೆ ಕೂತುಬಿಡುವ ಸರ್ವಿಸ್ ಕೆಟ್ಟಿದೆ ಎಂದು ಸಿಸ್ಟಮ್‌ಡಿಗೆ ಗೊತ್ತಾಗುವುದಿಲ್ಲ. ಕೌಂಟರಿನ ಮುಂದೆ ನಿಂತವರಿಗೆ ಗೊತ್ತಾಗುತ್ತದೆ. ಬಟನ್ ಅವರಿಗಾಗಿ.

ಯಾವ ಸರ್ವಿಸ್‌ಗೆ ಬಟನ್ ಕೊಡಬಹುದು, ಯಾವುದಕ್ಕೆ ಕೊಡಬಾರದು?

ತಪ್ಪು ಹೊತ್ತಿನಲ್ಲಿ ಒತ್ತಿದರೂ ಎರಡು ನಿಮಿಷದ ಕಿರಿಕಿರಿಗಿಂತ ಹೆಚ್ಚಿನ ನಷ್ಟ ಆಗದಂಥದ್ದಕ್ಕೆ ಕೊಡಿ. ಕೋಹಾದಲ್ಲಿ ಹುಡುಕಾಟ ನಡೆಸುವ ಜೀಬ್ರಾ ಇದಕ್ಕೆ ಒಳ್ಳೆಯ ಉದಾಹರಣೆ. ಇಂಡೆಕ್ಸ್ ಆಗದೆ ಉಳಿದ ಪುಸ್ತಕಗಳ ಪಟ್ಟಿ ಡೇಟಾಬೇಸಿನಲ್ಲಿ ಜೀಬ್ರಾಕ್ಯೂ ಎಂಬ ಟೇಬಲ್ಲಿನಲ್ಲಿ ಭದ್ರವಾಗಿರುತ್ತದೆ, ಇಂಡೆಕ್ಸರ್ ಎದ್ದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ.

ಮಾರಿಯಾಡಿಬಿ, ಮೈಎಸ್‌ಕ್ಯುಎಲ್‌ನಂಥ ಡೇಟಾಬೇಸಿಗೆ ನಾನು ಬಟನ್ ಕೊಡುವುದಿಲ್ಲ, ಯಾರು ಕೇಳಿದರೂ. ಅಪ್‌ಗ್ರೇಡ್ ನಡೆಯುವಾಗ ಟೇಬಲ್ ಬದಲಾಗುತ್ತಿರುವ ನಡುವೆ ಯಾರೋ ಒತ್ತಿದರೆ ಆ ರಾತ್ರಿ ನನಗೆ ನಿದ್ದೆಯಿಲ್ಲ. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೂ ಬೇಡ, ನೆಟ್‌ವರ್ಕಿಗಂತೂ ಬೇಡವೇ ಬೇಡ.

## ಅಧಿಕಾರ ಯಾರ ಕೈಗೆ

ವೆಬ್ ಸರ್ವರನ್ನೇ ರೂಟ್ ಆಗಿ ಓಡಿಸಿಬಿಟ್ಟರೆ ತಲೆನೋವೇ ಇಲ್ವಲ್ಲ?

ತಲೆಯೇ ಉಳಿಯುವುದಿಲ್ಲ. ರೂಟ್ ಎಂದರೆ ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಬಳಕೆದಾರ. ಪುಟದ ಕೋಡಿನಲ್ಲಿ ಒಂದು ಸಣ್ಣ ಬಿರುಕು ಇದ್ದರೂ ಇಡೀ ಯಂತ್ರ ಹೋಯಿತು ಎಂದೇ ಲೆಕ್ಕ. ಡೆಬಿಯನ್, ಉಬುಂಟುಗಳಲ್ಲಿ ವೆಬ್ ಸರ್ವರ್ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಡ ಬಳಕೆದಾರನ ಹೆಸರಿನಲ್ಲಿ ಓಡುವುದು ಇದೇ ಕಾರಣಕ್ಕೆ. ಅವನು ಬಡವನಾಗಿಯೇ ಇರಲಿ.

ಸ್ಕ್ರಿಪ್ಟಿಗೆ ಸೆಟ್‌ಯುಐಡಿ ಬಿಟ್ ಹಾಕಿದೆ, ಏನೂ ಆಗಲಿಲ್ಲ. ಯಾಕೆ?

ಆ ಬಿಟ್ ಹಾಕಿದ ಪ್ರೋಗ್ರಾಂ ಓಡಿಸಿದವರ ಬದಲು ಅದರ ಮಾಲೀಕನ ಅಧಿಕಾರದಲ್ಲಿ ಓಡುತ್ತದೆ. ಆದರೆ ಲಿನಕ್ಸಿನ ತಿರುಳಾದ ಕರ್ನೆಲ್ ಸ್ಕ್ರಿಪ್ಟುಗಳ ಮೇಲಿನ ಆ ಬಿಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕರ್ನೆಲ್ ಫೈಲನ್ನು ತೆರೆಯುವುದಕ್ಕೂ ಕಮಾಂಡುಗಳನ್ನು ಓಡಿಸುವ ಶೆಲ್ ಅದನ್ನು ಮತ್ತೆ ತೆರೆಯುವುದಕ್ಕೂ ನಡುವೆ ಯಾರಾದರೂ ಫೈಲನ್ನೇ ಬದಲಾಯಿಸಿಬಿಡಬಹುದು ಎಂಬ ಹಳೆಯ ಭಯ ಅದಕ್ಕೆ ಕಾರಣ. ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು ಅದಕ್ಕೆ ಬಿಟ್ ಹಾಕಿದರೆ ನಡೆಯುತ್ತದೆ, ಆದರೆ ಆ ದಾರಿ ಹಿಡಿಯಬೇಡಿ. ಅದಕ್ಕಿಂತ ಒಳ್ಳೆಯವು ಕೆಳಗಿವೆ.

ಸುಡೋಯರ್ಸ್‌ನಲ್ಲಿ ಒಂದು ಸಾಲು ಹಾಕಿದ್ರೆ ಮುಗೀತಲ್ಲ? ಆ ಸಾಲು ಹೇಗಿರಬೇಕು?

ಸುಡೋ ಎಂದರೆ ಒಂದು ಕಮಾಂಡನ್ನು ರೂಟ್ ಆಗಿ ಓಡಿಸಿಕೊಡುವ ಪ್ರೋಗ್ರಾಂ, ಯಾರಿಗೆ ಯಾವುದಕ್ಕೆ ಅನುಮತಿ ಎಂದು ಬರೆದಿರುವ ಫೈಲು ಸುಡೋಯರ್ಸ್. ಒಂದು ಸಾಲಿನಿಂದ ಮುಗಿಯುತ್ತದೆ, ಸಾಲು ಸರಿಯಾಗಿದ್ದರೆ. ಆದರೆ ನಾನು ನೋಡಿದ ಸಾಲುಗಳಲ್ಲಿ ಅರ್ಧಕ್ಕರ್ಧ ಸರಿಯಿರಲಿಲ್ಲ, ನನ್ನದೂ ಸೇರಿ.

ಸರಿಯಾದ ಸಾಲಿನಲ್ಲಿ ನಾಲ್ಕು ವಿಷಯ ಇರಬೇಕು: ಯಾವ ಬಳಕೆದಾರ, ಪಾಸ್‌ವರ್ಡ್ ಬೇಡ ಎನ್ನುವ ನೋಪಾಸ್‌ಡಬ್ಲ್ಯುಡಿ, ಸಿಸ್ಟಮ್‌ಡಿಗೆ ಆಜ್ಞೆ ಕೊಡುವ ಸಿಸ್ಟಮ್‌ಸಿಟಿಎಲ್ ಕಮಾಂಡಿನ ಪೂರ್ತಿ ದಾರಿ, ಅದರ ಮುಂದೆ 'ರೀಸ್ಟಾರ್ಟ್ ಕೋಹಾ-ಕಾಮನ್' ಎಂದು ಅಕ್ಷರಕ್ಕೆ ಅಕ್ಷರ (ಕೋಹಾ-ಕಾಮನ್ ಎಂಬುದು ಕೋಹಾದ ಸರ್ವಿಸ್ ಹೆಸರು). ಕೊನೆಯದನ್ನು ಬಿಟ್ಟು ಬರೀ ಸಿಸ್ಟಮ್‌ಸಿಟಿಎಲ್ ಎಂದು ಬರೆದಿರೋ, ಸುಡೋ ಅದನ್ನು 'ಮುಂದೆ ಏನು ಬಂದರೂ ಸರಿ' ಎಂದು ಓದುತ್ತದೆ. ಆಗ ಕಳ್ಳ ತನ್ನದೇ ಒಂದು ಯೂನಿಟ್ ಫೈಲ್ ಬರೆದು, ಲಿಂಕ್ ಮಾಡಿ, ರೂಟ್ ಆಗಿ ಓಡಿಸಿಕೊಳ್ಳುತ್ತಾನೆ.

ನಕ್ಷತ್ರದ ಚಿಹ್ನೆ ಇನ್ನೊಂದು ಗುಂಡಿ. 'ರೀಸ್ಟಾರ್ಟ್ ಕೋಹಾ-ನಕ್ಷತ್ರ' ಎಂದು ಬರೆದರೆ ಕೋಹಾದಿಂದ ಶುರುವಾಗುವ ಸರ್ವಿಸ್‌ಗಳಿಗೆ ಮಾತ್ರ ಅಂದುಕೊಂಡಿದ್ದೆ. ಆದರೆ ಕಮಾಂಡಿನ ಮುಂದಿನ ಭಾಗದಲ್ಲಿ ಸುಡೋದ ನಕ್ಷತ್ರ ಖಾಲಿ ಜಾಗವನ್ನೂ ನುಂಗುತ್ತದೆ. 'ರೀಸ್ಟಾರ್ಟ್ ಕೋಹಾ-ಕಾಮನ್ ಮಾರಿಯಾಡಿಬಿ' ಎಂಬುದೂ ಆ ನಿಯಮಕ್ಕೆ ಸರಿಯೇ! ಎರಡು ಸರ್ವಿಸ್ ಇದ್ದರೆ ಎರಡು ಸಾಲು ಬರೆಯಿರಿ, ಕೈ ಸವೆಯುವುದಿಲ್ಲ.

ಈ ಸಾಲನ್ನು ಮುಖ್ಯ ಫೈಲಿಗೆ ತುರುಕದೆ ಸುಡೋಯರ್ಸ್-ಡಾಟ್-ಡಿ ಫೋಲ್ಡರಿನಲ್ಲಿ ಬೇರೆ ಫೈಲಾಗಿ ಇಡಿ. ಆ ಫೈಲಿನ ಹೆಸರಿನಲ್ಲಿ ಚುಕ್ಕೆ ಇರಬಾರದು. ಇದ್ದರೆ ಸುಡೋ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ತಿದ್ದುವುದು ಮಾತ್ರ ಉಳಿಸುವ ಮೊದಲು ತಪ್ಪು ಹುಡುಕುವ ವಿಸುಡೋದಿಂದಲೇ, ಒಂದು ಅಲ್ಪವಿರಾಮ ತಪ್ಪಿದರೂ ನಿಮ್ಮದೇ ಸುಡೋ ನಿಂತುಹೋದೀತು. ಇನ್ನು ಸಿಸ್ಟಮ್‌ಸಿಟಿಎಲ್ ಬದಲು ನೀವೇ ಬರೆದ ಸ್ಕ್ರಿಪ್ಟಿಗೆ ಅನುಮತಿ ಕೊಡುವುದಾದರೆ, ಆ ಸ್ಕ್ರಿಪ್ಟೂ ಅದು ಕೂತಿರುವ ಫೋಲ್ಡರೂ ರೂಟಿನದ್ದೇ ಆಗಿರಬೇಕು. ವೆಬ್ ಸರ್ವರಿಗೆ ಬರೆಯಲು ಬರುವ ಫೋಲ್ಡರಿನಲ್ಲಿ ಸ್ಕ್ರಿಪ್ಟ್ ಇಟ್ಟರೆ ಬೀಗ ಹಾಕಿ ಬೀಗದಕೈಯನ್ನು ಅದರಲ್ಲೇ ಬಿಟ್ಟ ಹಾಗೆ.

ಸ್ಟೇಟಸ್ ತೋರಿಸೋಕೂ ಸುಡೋ ಬೇಕಾ?

ಬೇಡ. ಸರ್ವಿಸ್ ಓಡುತ್ತಿದೆಯೇ ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕೂ ಸುಡೋ ಕೊಟ್ಟವರಿಗೆ ಒಂದು ಪಾಠ ಇದೆ: ಸ್ಟೇಟಸ್ ಉದ್ದವಾದಾಗ ಸಿಸ್ಟಮ್‌ಸಿಟಿಎಲ್ ಅದನ್ನು ಲೆಸ್ ಎಂಬ ಪುಟ ತಿರುಗಿಸುವ ಪ್ರೋಗ್ರಾಮಿಗೆ ಕೊಡುತ್ತದೆ, ಲೆಸ್‌ನೊಳಗಿಂದ ಒಂದು ಆಶ್ಚರ್ಯಸೂಚಕ ಒತ್ತಿ ಶೆಲ್ ತೆರೆಯಬಹುದು. ಸುಡೋ ಮೂಲಕ ಬಂದಿದ್ದರೆ ಅದು ರೂಟ್ ಶೆಲ್. ಸಿಸ್ಟಮ್‌ಡಿ 247ಕ್ಕಿಂತ ಹಳೆಯ ಆವೃತ್ತಿಗಳಲ್ಲಿದ್ದ ಈ ದೋಷಕ್ಕೆ ಸಿವಿಇ-2023-26604 ಎಂಬ ಸಂಖ್ಯೆಯೂ ಸಿಕ್ಕಿದೆ. ಲಾಗ್ ತೋರಿಸಬೇಕೆಂದರೆ ಮಾತ್ರ ಓದುವ ಅನುಮತಿ ಬೇಕು, ಸಿಸ್ಟಮ್‌ಡಿ-ಜರ್ನಲ್ ಗುಂಪಿಗೆ ಸೇರಿಸಿದರೆ ಸಿಗುತ್ತದೆ. ಪುಟಕ್ಕೆ ಅದನ್ನೂ ಕೊಡದಿರುವುದು ಲೇಸು. ಲಾಗಿನಲ್ಲಿ ಏನೇನೋ ಇರುತ್ತದೆ.

ಸುಡೋನೇ ಇಲ್ಲದೆ ಮಾಡೋಕೆ ದಾರಿ ಇದೆಯಾ ಸರ್?

ಇದೆ. ಈಗ ನಾನು ಬಳಸುವುದೂ ಅದನ್ನೇ.

ಹಳೆಯ ಗ್ರಂಥಾಲಯಗಳಲ್ಲಿ ಓದುಗರನ್ನು ಪುಸ್ತಕದ ಕಪಾಟುಗಳಿದ್ದ ಕೋಣೆಗೆ ಬಿಡುತ್ತಿರಲಿಲ್ಲ. ಕೌಂಟರಿನಲ್ಲಿ ಚೀಟಿ ಬರೆದಿಟ್ಟರೆ ಅಟೆಂಡರ್ ಒಳಗೆ ಹೋಗಿ ಪುಸ್ತಕ ತಂದುಕೊಡುತ್ತಿದ್ದ. ಓದುಗನಿಗೆ ಚೀಟಿ ಬರೆಯುವುದಷ್ಟೇ ಗೊತ್ತು, ಬೀಗದಕೈ ಅಟೆಂಡರ್ ಸೊಂಟದಲ್ಲಿ. ವೆಬ್ ಪುಟವನ್ನು ಆ ಓದುಗನ ಜಾಗದಲ್ಲಿ ನಿಲ್ಲಿಸಿ.

ಮಾಡುವುದು ಹೀಗೆ. ಒಂದು ಫೋಲ್ಡರ್, ಅದರಲ್ಲಿ ವೆಬ್ ಸರ್ವರ್ ಬಳಕೆದಾರ ಫೈಲ್ ಸೃಷ್ಟಿಸಬಹುದು. ಬಟನ್ ಒತ್ತಿದಾಗ ಪುಟ ಅಲ್ಲಿ 'ಕೋರಿಕೆ' ಎಂಬ ಅರ್ಥದ ಹೆಸರಿನ ಖಾಲಿ ಫೈಲ್ ಇಡುತ್ತದೆ. ಪುಟದ ಕೆಲಸ ಅಲ್ಲಿಗೆ ಮುಗಿಯಿತು. ಇತ್ತ ಸಿಸ್ಟಮ್‌ಡಿಯಲ್ಲಿ ಒಂದು ಪಾತ್ ಯೂನಿಟ್ ಇರುತ್ತದೆ. ಪಾತ್‌ಎಕ್ಸಿಸ್ಟ್ಸ್ ಎಂಬ ಸಾಲಿನಲ್ಲಿ ಆ ಫೈಲಿನ ದಾರಿ ಕೊಟ್ಟಿದ್ದರೆ, ಫೈಲ್ ಕಂಡ ತಕ್ಷಣ ಜೊತೆಗಿರುವ ಸರ್ವಿಸ್ ಯೂನಿಟ್ ಎದ್ದೇಳುತ್ತದೆ. ಅದು ಒನ್‌ಶಾಟ್, ಅಂದರೆ ಒಮ್ಮೆ ಓಡಿ ಮುಗಿಯುವ ಬಗೆಯದು, ಅದರಲ್ಲಿ ಎರಡೇ ಸಾಲು: ಮೊದಲು ಚೀಟಿಯನ್ನು ಅಳಿಸು, ಆಮೇಲೆ ಕೋಹಾ-ಕಾಮನ್ ರೀಸ್ಟಾರ್ಟ್ ಮಾಡು.

ಈ ಅನುಕ್ರಮ ತಿರುಗುಮುರುಗಾಗಬಾರದು. ಮೊದಲೇ ಅಳಿಸಿದರೆ, ರೀಸ್ಟಾರ್ಟ್ ನಡೆಯುತ್ತಿರುವಾಗ ಬಂದ ಹೊಸ ಚೀಟಿ ಉಳಿಯುತ್ತದೆ. ಕೊನೆಗೆ ಅಳಿಸಿದರೆ ಅದೂ ಹಳೆಯದರ ಜೊತೆ ಹೋಗುತ್ತದೆ. ಅಳಿಸುವುದನ್ನೇ ಮರೆತರೆ? ಕೆಲಸ ಮುಗಿದ ಮೇಲೂ ಫೈಲ್ ಇದೆ ಎಂದು ಸಿಸ್ಟಮ್‌ಡಿ ಮತ್ತೆ ಎಬ್ಬಿಸುತ್ತದೆ, ಮತ್ತೆ, ಮತ್ತೆ.

ಇದರ ಸೊಗಸು ಏನೆಂದರೆ, ಪುಟವನ್ನು ಯಾರಾದರೂ ಪೂರ್ತಿ ವಶಪಡಿಸಿಕೊಂಡರೂ ಈ ದಾರಿಯಲ್ಲಿ ಅವರಿಗೆ ಸಿಗುವುದು ಕೋಹಾವನ್ನು ರೀಸ್ಟಾರ್ಟ್ ಮಾಡುವ ಭಾಗ್ಯ ಅಷ್ಟೇ. ಚೀಟಿಯಲ್ಲಿ ಏನು ಬರೆದಿದೆ ಎಂದು ರೂಟ್ ಕಡೆಯವರು ಓದುವುದೇ ಇಲ್ಲ.

ಸಿಸ್ಟಮ್‌ಡಿ ಇಲ್ಲದ ಹಳೆಯ ಯಂತ್ರವಾದರೆ ನಿಮಿಷಕ್ಕೊಮ್ಮೆ ಆ ಫೈಲನ್ನು ನೋಡುವ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನಾಗಿ ಓಡಿಸುವಂಥದ್ದು) ಸಾಕು. ಹೆಚ್ಚೆಂದರೆ 60 ಸೆಕೆಂಡು ತಡ.

ಪಾತ್ ಯೂನಿಟ್ ಹಾಕಿದೆ, ಪುಟ "ಆಯ್ತು" ಅನ್ನುತ್ತೆ, ಆದರೆ ಏನೂ ಆಗಲ್ಲ. ಎಲ್ಲಿ ತಪ್ಪಿದೆ?

ಚೀಟಿಯನ್ನು ಟಿಎಂಪಿ ಫೋಲ್ಡರಿನಲ್ಲಿ ಇಟ್ಟಿದ್ದೀರಿ ಅಲ್ಲವೇ? ನಾನೂ ಅಲ್ಲೇ ಇಟ್ಟು ಎರಡು ಗಂಟೆ ತಲೆ ಕೆರೆದುಕೊಂಡೆ. ಪುಟ ಫೈಲ್ ಬರೆದೆ ಎನ್ನುತ್ತದೆ, ನಾನು ಟರ್ಮಿನಲ್‌ನಲ್ಲಿ ನೋಡಿದರೆ ಫೈಲ್ ಇಲ್ಲ. ಡೆಬಿಯನ್‌ನ ಅಪಾಚೆ ಎಂಬ ವೆಬ್ ಸರ್ವರಿಗೆ ಪ್ರೈವೇಟ್‌ಟಿಎಂಪಿ ಎಂಬ ಸೌಲಭ್ಯ ಹಾಕಿಯೇ ಕೊಟ್ಟಿರುತ್ತಾರೆ. ಅಪಾಚೆ ತನ್ನ ಟಿಎಂಪಿ ಎಂದುಕೊಂಡದ್ದು ನಿಜಕ್ಕೂ ಸಿಸ್ಟಮ್‌ಡಿ-ಪ್ರೈವೇಟ್ ಎಂದು ಶುರುವಾಗುವ ಉದ್ದ ಹೆಸರಿನ ಫೋಲ್ಡರಿನೊಳಗೆ ಇರುತ್ತದೆ. ನನ್ನ ಚೀಟಿಗಳೆಲ್ಲ ಅಲ್ಲಿ ಬಿದ್ದಿದ್ದವು.

ಎಲ್ಲಕ್ಕೂ ಮೇಲಿನ ಫೋಲ್ಡರಿನ ಕೆಳಗೇ ಇರುವ ರನ್ ಫೋಲ್ಡರಿನಲ್ಲಿ ನಿಮ್ಮದೇ ಒಂದು ಉಪಫೋಲ್ಡರ್ ಮಾಡಿಕೊಳ್ಳಿ. ರನ್ ಇರುವುದು ಮೆಮೊರಿಯಲ್ಲಿ, ಯಂತ್ರ ಬೂಟ್ ಆದಾಗ ಖಾಲಿಯಾಗುತ್ತದೆ. ಆದ್ದರಿಂದ ಪ್ರತಿ ಬೂಟಿಗೂ ಫೋಲ್ಡರ್ ಸೃಷ್ಟಿಯಾಗಲು ಟಿಎಂಪಿಫೈಲ್ಸ್-ಡಾಟ್-ಡಿಯಲ್ಲಿ ಒಂದು ಸಾಲು ಬರೆಯಿರಿ. ಹಳೆಯ ಚೀಟಿ ಉಳಿದು ಬೂಟ್ ಆದೊಡನೆ ಸುಮ್ಮನೆ ರೀಸ್ಟಾರ್ಟ್ ಆಗುವುದೂ ಇದರಿಂದ ತಪ್ಪುತ್ತದೆ.

ಟರ್ಮಿನಲ್‌ನಲ್ಲಿ ಅದೇ ಸುಡೋ ಸಾಲು ಓಡುತ್ತೆ, ಪುಟದಿಂದ ಮಾತ್ರ ಓಡಲ್ಲ. ದೆವ್ವ ಹಿಡಿದಿದೆಯಾ?

ಮೂರು ದೆವ್ವಗಳಿವೆ. ಕೋಹಾ ಇರುವ ಕಡೆ ಮೊದಲನೆಯದೇ ಇರುತ್ತದೆ: ಅದರ ಡೆಬಿಯನ್ ಪ್ಯಾಕೇಜ್ ಅಪಾಚೆಯ ಐಟಿಕೆ ಮಾಡ್ಯೂಲನ್ನು ಬಳಸುತ್ತದೆ. ಅದು ಪ್ರತಿ ಸೈಟನ್ನೂ ಬೇರೆ ಬಳಕೆದಾರನ ಹೆಸರಿನಲ್ಲಿ ಓಡಿಸುತ್ತದೆ, ಹಾಗೆ ಬದಲಾಗಬಹುದಾದ ಬಳಕೆದಾರರ ಗುರುತಿನ ಸಂಖ್ಯೆಗಳಿಗೆ ಒಂದು ಮಿತಿ ಹಾಕಿ ಅದರಲ್ಲಿ ರೂಟಿನ ಗುರುತಾದ ಸೊನ್ನೆಯನ್ನು ಹೊರಗಿಡುತ್ತದೆ. ಆಗ ಸುಡೋ 'ರೂಟ್ ಗುಂಪಿಗೆ ಬದಲಾಗಲು ಆಗುತ್ತಿಲ್ಲ' ಎಂದು ಗೊಣಗುತ್ತದೆ. ಆ ಮಿತಿಯನ್ನು ಸಡಿಲಿಸಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಸಡಿಲಿಸಬೇಡಿ, ಕಾವಲಿಗೆ ಇಟ್ಟದ್ದು ಅದು. ಚೀಟಿ ವಿಧಾನಕ್ಕೆ ಇದರ ಕಾಟವೇ ಇಲ್ಲ.

ಎರಡನೆಯದು ನೋ-ನ್ಯೂ-ಪ್ರಿವಿಲೆಜಸ್, ಅಂದರೆ ಹೊಸ ಅಧಿಕಾರ ಸಿಗದಂತೆ ತಡೆಯುವ ಸಾಲು. ವೆಬ್ ಸರ್ವರ್ ಅಥವಾ ಪಿಎಚ್‌ಪಿ ಕೋಡ್ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಯೂನಿಟ್ಟಿನಲ್ಲಿ ಇದು ಹೌದು ಎಂದಿದ್ದರೆ ಸುಡೋ ಎಂದಿಗೂ ನಡೆಯದು. ಮೂರನೆಯದು ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಯಾವ ಪ್ರೋಗ್ರಾಂ ಏನು ಮಾಡಬಹುದು ಎಂದು ಕಾಯುವ ಎಸ್‌ಇಲಿನಕ್ಸ್. ಆಡಿಟ್ ಲಾಗಿನಲ್ಲಿ 'ಡಿನೈಡ್' ಎಂದು ಬಂದಿದೆಯೇ ನೋಡಿ. ಎಸ್‌ಇಲಿನಕ್ಸನ್ನೇ ಆಫ್ ಮಾಡುವುದು ಪರಿಹಾರವಲ್ಲ, ಹಾವು ಬಂತೆಂದು ಮನೆಗೆ ಬೆಂಕಿ ಹಚ್ಚಿದಂತೆ.

ಪೋಲ್ಕಿಟ್ ಅಂತ ಇನ್ನೊಂದು ಇದೆಯಂತಲ್ಲ, ಅದು ಹೇಗೆ?

ಯಾರಿಗೆ ಯಾವ ಕ್ರಿಯೆಗೆ ಅನುಮತಿ ಎಂದು ತೀರ್ಮಾನಿಸುವ ಇನ್ನೊಂದು ವ್ಯವಸ್ಥೆ ಅದು. ಚೆನ್ನಾಗಿದೆ, ಹೊಸ ಯಂತ್ರವಾದರೆ. ಜಾವಾಸ್ಕ್ರಿಪ್ಟಿನಲ್ಲಿ ನಾಲ್ಕು ಸಾಲಿನ ನಿಯಮ ಬರೆದು, ಈ ಬಳಕೆದಾರ, ಈ ಯೂನಿಟ್, ಈ ಕ್ರಿಯೆ, ಮೂರೂ ಹೊಂದಿದರೆ ಮಾತ್ರ ಹೌದು ಎನ್ನಬಹುದು. ಆದರೆ ಡೆಬಿಯನ್ 11ರವರೆಗೂ, ಉಬುಂಟು 22.04ರಲ್ಲೂ ಇದ್ದದ್ದು ಪೋಲ್ಕಿಟ್‌ನ ಹಳೆಯ 0.105 ಆವೃತ್ತಿ. ಅದರಲ್ಲಿ ನಿಯಮ ಬರೆಯುವ ಪಿಕೆಎಲ್‌ಎ ಫೈಲುಗಳಿಗೆ ಯೂನಿಟ್ ಹೆಸರು ನೋಡುವ ಶಕ್ತಿಯಿಲ್ಲ. ಒಂದು ಸರ್ವಿಸ್‌ಗೆ ಅಂದುಕೊಂಡು ಕೊಟ್ಟ ಅನುಮತಿ ಎಲ್ಲ ಸರ್ವಿಸ್‌ಗೂ ಹೋಗುತ್ತದೆ. 2023ರ ಡೆಬಿಯನ್ 12ರಿಂದ ಜಾವಾಸ್ಕ್ರಿಪ್ಟ್ ನಿಯಮಗಳು ಬಂದಿವೆ. ಆವೃತ್ತಿ ನೋಡಿಕೊಂಡು ಕೈಹಾಕಿ.

## ಬಟನ್ ಮತ್ತು ಪುಟ

ಬಟನ್ ಬದಲು ಸುಮ್ಮನೆ ಒಂದು ಲಿಂಕ್ ಕೊಟ್ಟರೆ ಆಗಲ್ವಾ? ಬುಕ್‌ಮಾರ್ಕ್ ಮಾಡ್ಕೋತೀವಿ.

ನಾನು ಮೊದಲು ಮಾಡಿದ್ದು ಅದನ್ನೇ. ಒಂದು ವಿಳಾಸ, ತೆರೆದರೆ ಸಾಕು ರೀಸ್ಟಾರ್ಟ್. ಎರಡು ವಾರ ಎಲ್ಲರೂ ಖುಷಿ. ಆಮೇಲೆ ದಿನಾ ಬೆಳಗ್ಗೆ 9:40ರ ಆಸುಪಾಸಿನಲ್ಲಿ ಕೋಹಾ ಒಂದು ನಿಮಿಷ ಮಲಗಿ ಏಳತೊಡಗಿತು. ಭಾನುವಾರ ಮಾತ್ರ ಇಲ್ಲ. ಜರ್ನಲ್ ನೋಡಿದರೆ ಎಲ್ಲವೂ ಶಿಸ್ತಾದ ರೀಸ್ಟಾರ್ಟ್, ಬಿದ್ದದ್ದಲ್ಲ. ಕೌಂಟರಿನವರನ್ನು ಕೇಳಿದರೆ "ನಾವು ಮುಟ್ಟೇ ಇಲ್ಲ ಸರ್" ಎಂದು ಆಣೆ ಮಾಡಿದರು. ಅವರು ಹೇಳಿದ್ದು ನಿಜವೇ. ಅವರ ಬ್ರೌಸರಿನಲ್ಲಿ 'ನಿನ್ನೆ ಬಿಟ್ಟಲ್ಲಿಂದ ಮುಂದುವರಿಸು' ಎಂಬ ಆಯ್ಕೆ ಇತ್ತು. ಬೆಳಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಹಿಂದಿನ ದಿನದ ಟ್ಯಾಬ್‌ಗಳ ಜೊತೆ ನನ್ನ ಲಿಂಕೂ ತೆರೆದುಕೊಳ್ಳುತ್ತಿತ್ತು.

ವಿಳಾಸ ತೆರೆಯುವುದು, ಅಂದರೆ ಗೆಟ್, ನೋಡುವುದಕ್ಕಷ್ಟೇ. ಅದರಿಂದ ಏನೂ ಬದಲಾಗಬಾರದು. ಇದು ಎಚ್‌ಟಿಟಿಪಿಯ ನಿಯಮ. 2005ರ ಮೇನಲ್ಲಿ ಗೂಗಲ್ ವೆಬ್ ಆಕ್ಸಿಲರೇಟರ್ ಬಂದಾಗ ಅದು ಪುಟದಲ್ಲಿದ್ದ ಲಿಂಕುಗಳನ್ನು ಮೊದಲೇ ತೆರೆದಿಟ್ಟುಕೊಳ್ಳಲು ಹೋಗಿ 'ಡಿಲೀಟ್' ಲಿಂಕುಗಳನ್ನೂ ತೆರೆದು ಜನರ ಮಾಹಿತಿ ಅಳಿಸಿಹೋದದ್ದು ಹಳಬರಿಗೆ ನೆನಪಿರಬಹುದು. ರೀಸ್ಟಾರ್ಟಿಗೆ ಪೋಸ್ಟ್, ಅಂದರೆ ಫಾರಂ ಕಳಿಸುವ ವಿಧಾನ, ಮಾತ್ರ ಬಳಸಿ. ಪೋಸ್ಟ್ ಆದಮೇಲೆ ಬೇರೆ ಪುಟಕ್ಕೆ ಕಳಿಸಿಬಿಡಿ, ಇಲ್ಲದಿದ್ದರೆ ಎಫ್5 ಒತ್ತಿದವರಿಂದ ಇನ್ನೊಂದು ರೀಸ್ಟಾರ್ಟ್.

ಪೋಸ್ಟ್ ಮಾಡಿದೀನಿ, ಲಾಗಿನ್ನೂ ಇದೆ. ಟೋಕನ್ ಬೇರೆ ಯಾಕೆ?

ಲಾಗಿನ್ ಆದವರ ಬ್ರೌಸರನ್ನೇ ಬಳಸಿಕೊಂಡು ಬೇರೆ ಯಾವುದೋ ಸೈಟು ನಿಮ್ಮ ಫಾರಂ ಕಳಿಸಬಹುದು. ಕುಕೀ ತಾನಾಗಿ ಜೊತೆಗೆ ಹೋಗುವುದರಿಂದ ನಿಮ್ಮ ಪುಟಕ್ಕೆ ಅದು ಗ್ರಂಥಪಾಲಕರೇ ಒತ್ತಿದಂತೆ ಕಾಣುತ್ತದೆ. ಫಾರಂ ತೋರಿಸುವಾಗ ಊಹಿಸಲಾಗದ ಒಂದು ಟೋಕನ್ ಅದರೊಳಗಿಟ್ಟು, ವಾಪಸ್ ಬಂದಾಗ ತಾಳೆ ನೋಡಿ. 2020ರ ಫೆಬ್ರವರಿಯ ಕ್ರೋಮ್ 80ರಿಂದ ಕುಕೀಗಳಿಗೆ ತಾನಾಗಿ ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟು ಕಳಿಸಿದ ಫಾರಂ ಜೊತೆ ಕುಕೀ ಹೋಗದಂತೆ ತಡೆಯುವ ನಿಯಮ) ಬಂದು ಈ ಆಟ ಕಷ್ಟವಾಗಿರುವುದು ನಿಜ. ಆದರೆ ಬಳಕೆದಾರರ ಬ್ರೌಸರ್ ಎಷ್ಟು ಹೊಸದು ಎಂಬುದರ ಮೇಲೆ ಸರ್ವರಿನ ಭದ್ರತೆ ನಿಲ್ಲಬಾರದು.

"ವಿಳಾಸ ಯಾರಿಗೂ ಗೊತ್ತಿಲ್ಲ, ಲಾಗಿನ್ನೇ ಬೇಡ" ಎನ್ನುವವರಿಗೆ: ಬ್ರೌಸರ್ ಹಿಸ್ಟರಿ ಎಂಬುದೊಂದಿದೆ. ಪುಟವನ್ನು ಕ್ಯಾಂಪಸ್ ನೆಟ್‌ವರ್ಕಿನೊಳಗೆ ಮಾತ್ರ ತೆರೆಯುವಂತೆ ಮಾಡಿ, ಎಚ್‌ಟಿಟಿಪಿಎಸ್ ಹಾಕಿ, ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ.

ಸರ್ವಿಸ್ ಹೆಸರನ್ನ ಪುಟದಿಂದಲೇ ತಗೊಂಡರೆ ಒಂದೇ ಕೋಡ್ ಎಲ್ಲದಕ್ಕೂ ಆಗುತ್ತಲ್ಲ?

ಎಲ್ಲದಕ್ಕೂ ಆಗುತ್ತದೆ, ಅದೇ ತೊಂದರೆ. ಹೆಸರಿನ ಜಾಗದಲ್ಲಿ ಒಂದು ಅರ್ಧವಿರಾಮ ಹಾಕಿ ಅದರ ಮುಂದೆ ಇನ್ನೊಂದು ಕಮಾಂಡ್ ಬರೆದರೆ ಶೆಲ್ ಅದನ್ನೂ ಓಡಿಸುತ್ತದೆ. ಅಕ್ಷರಗಳನ್ನು ಸೋಸುತ್ತಾ ಕೂರಬೇಡಿ, ಏನಾದರೊಂದು ನುಸುಳಿಯೇ ನುಸುಳುತ್ತದೆ. ಪುಟ 1, 2, 3 ಎಂದು ಸಂಖ್ಯೆ ಕಳಿಸಲಿ. ಯಾವ ಸಂಖ್ಯೆಗೆ ಯಾವ ಸರ್ವಿಸ್ ಎಂಬ ಪಟ್ಟಿ ಸರ್ವರ್ ಕಡೆ ಇರಲಿ. ಪಟ್ಟಿಯಲ್ಲಿಲ್ಲದ್ದು ಬಂದರೆ ಸುಮ್ಮನೆ ಬಿಸಾಕಿ. ಕಮಾಂಡ್ ಓಡಿಸಲೇಬೇಕಾದರೆ ಶೆಲ್ ನಡುವೆ ಬರದಂತೆ ಬಿಡಿ ಬಿಡಿ ಪದಗಳ ಪಟ್ಟಿಯಾಗಿ ಕೊಡಿ. ಪೈಥಾನಿನ ಸಬ್‌ಪ್ರೊಸೆಸ್ಸಿಗೆ ಪಟ್ಟಿ ಕೊಟ್ಟರೆ ಸಾಕು, ಶೆಲ್ ನಡುವೆ ಬರುವುದಿಲ್ಲ.

ಒತ್ತಿದ್ದು ಯಾರು ಅಂತ ಆಮೇಲೆ ಹೇಗೆ ಗೊತ್ತಾಗುತ್ತೆ?

ಸುಡೋ ಲಾಗಿನಲ್ಲಿ ಬರೀ ವೆಬ್ ಸರ್ವರಿನ ಬಳಕೆದಾರನ ಹೆಸರಿರುತ್ತದೆ, ಮನುಷ್ಯರ ಹೆಸರಿರುವುದಿಲ್ಲ. ಪುಟವೇ ಬರೆದಿಡಬೇಕು: ಯಾರು, ಯಾವಾಗ, ಯಾವ ಯಂತ್ರದಿಂದ, ಯಾಕೆ. ಆ 'ಯಾಕೆ' ಎಂಬ ಖಾನೆಯನ್ನು ಕಡ್ಡಾಯ ಮಾಡಿ. ಜನ ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ಬರೆಯುವಾಗ ಹೊಸ ಸಾಲಿನ ಚಿಹ್ನೆಗಳನ್ನು ತೆಗೆದುಹಾಕಿ, ಇಲ್ಲದಿದ್ದರೆ ಕಾರಣದ ಖಾನೆಯಿಂದಲೇ ಸುಳ್ಳು ಲಾಗ್ ಸಾಲು ಹುಟ್ಟಿಸಬಹುದು.

ಗಾಬರಿಯಲ್ಲಿ ಹತ್ತು ಸಲ ಒತ್ತಿದರೆ?

ಒತ್ತುತ್ತಾರೆ. ಲಿಫ್ಟ್ ಬಟನ್ ಕೂಡ ಹಾಗೇ ಒತ್ತುವ ಜನ ನಾವು. ಹಿಂದಿನ ರೀಸ್ಟಾರ್ಟಿನಿಂದ 3 ನಿಮಿಷ ಬಟನ್ ಬೂದಿ ಬಣ್ಣಕ್ಕೆ ತಿರುಗಿರಲಿ, ಜೊತೆಗೆ '10:12ಕ್ಕೆ ಕೌಂಟರ್ 2ರಿಂದ ರೀಸ್ಟಾರ್ಟ್ ಆಗಿದೆ' ಎಂದು ಕಾಣಲಿ. ಎರಡು ಕೌಂಟರಿನವರು ಒಬ್ಬರಿಗೊಬ್ಬರು ತಿಳಿಯದೆ ಒತ್ತುವುದು ಈ ಒಂದು ಸಾಲಿನಿಂದಲೇ ನಿಂತಿತು. ತಡೆ ಸರ್ವರ್ ಕಡೆಯೂ ಇರಬೇಕು, ಬ್ರೌಸರಿನಲ್ಲಿ ಬಣ್ಣ ಬದಲಿಸಿದರಷ್ಟೇ ಸಾಲದು. ಮೇಲೆ ಹೇಳಿದ 10 ಸೆಕೆಂಡಿಗೆ 5 ಸಲದ ಮಿತಿ ಕೈಯಿಂದ ಎಬ್ಬಿಸುವುದಕ್ಕೂ ಅನ್ವಯಿಸುತ್ತದೆ. ಅದನ್ನು ಮೀರಿದರೆ ಯೂನಿಟ್ 'ಫೆಯ್ಲ್ಡ್' ಎಂದು ಕೂರುತ್ತದೆ, ಆ 10 ಸೆಕೆಂಡು ಕಳೆಯುವವರೆಗೆ, ಇಲ್ಲವೇ ನೀವು ರೀಸೆಟ್-ಫೆಯ್ಲ್ಡ್ ಹೊಡೆಯುವವರೆಗೆ ಎಬ್ಬಿಸಿದರೂ ಏಳುವುದಿಲ್ಲ.

ಪುಟದಲ್ಲಿ ಹಸಿರು ಬರುತ್ತೆ, ಆದರೆ ಸರ್ಚ್ ಮಾತ್ರ ಬರಲ್ಲ. ಯಾವುದನ್ನ ನಂಬೋದು?

ಸರ್ಚನ್ನು ನಂಬಿ. ಕೋಹಾ-ಕಾಮನ್‌ನ ಸ್ಟೇಟಸ್ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ 'ಆಕ್ಟಿವ್, ಎಕ್ಸಿಟೆಡ್'. ಅದರ ಅರ್ಥ ಇಷ್ಟೇ: ಜೀಬ್ರಾ, ಇಂಡೆಕ್ಸರ್, ಕೋಹಾದ ಪುಟಗಳನ್ನು ಓಡಿಸುವ ಪ್ಲ್ಯಾಕ್ ಎಲ್ಲವನ್ನೂ ಎಬ್ಬಿಸುವ ಸ್ಕ್ರಿಪ್ಟ್ ತನ್ನ ಕೆಲಸ ಮುಗಿಸಿ ಮನೆಗೆ ಹೋಗಿದೆ. ಎದ್ದವರು ಆಮೇಲೆ ಬದುಕಿದ್ದಾರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಜೀಬ್ರಾ ಸತ್ತು ಬಿದ್ದಿದ್ದರೂ ಹಸಿರೇ.

ಹಾಗಾಗಿ ನನ್ನ ಪುಟ ಸ್ಟೇಟಸ್ ಕೇಳುವುದಿಲ್ಲ. ಗ್ರಂಥಾಲಯದಲ್ಲಿ ಖಂಡಿತ ಇರುವ ಒಂದು ಪುಸ್ತಕದ ಹೆಸರನ್ನು ಹುಡುಕಿ, ಫಲಿತಾಂಶ ಬಂದರೆ ಮಾತ್ರ ಹಸಿರು. ರೀಸ್ಟಾರ್ಟ್ ಆದ ಕೂಡಲೇ ಕೇಳಿದರೆ ಬರುವುದಿಲ್ಲ, ಪ್ಲ್ಯಾಕ್ ಎದ್ದು ಕೂರಲು ಹೊತ್ತು ಬೇಕು. 5 ಸೆಕೆಂಡಿಗೊಮ್ಮೆ ಕೇಳುತ್ತಾ 2 ನಿಮಿಷ ನೋಡಿ. ಅಷ್ಟರಲ್ಲೂ ಬರದಿದ್ದರೆ 'ಇನ್ನೊಮ್ಮೆ ಒತ್ತಬೇಡಿ, ಫೋನ್ ಮಾಡಿ' ಎಂದು ಕೆಂಪಿನಲ್ಲಿ ತೋರಿಸಿ.

## ಇನ್ನೂ ಮುಂದೆ

ವೆಬ್ ಸರ್ವರನ್ನೇ ರೀಸ್ಟಾರ್ಟ್ ಮಾಡಬೇಕಾದರೆ? ಕೂತ ಕೊಂಬೆ ಕಡಿದ ಹಾಗಾಗಲ್ವಾ?

ಆಗುತ್ತದೆ. ಪುಟದ ಕೋಡ್ ಅಪಾಚೆಯ ಕಂಟ್ರೋಲ್ ಗ್ರೂಪಿನೊಳಗೇ (ಒಂದು ಸರ್ವಿಸ್‌ಗೆ ಸೇರಿದ ಪ್ರೋಗ್ರಾಂಗಳ ಗುಂಪು) ಓಡುತ್ತಿರುತ್ತದೆ, ಅಪಾಚೆ ನಿಲ್ಲುವಾಗ ಸಿಸ್ಟಮ್‌ಡಿ ಆ ಗುಂಪಿನವರನ್ನೆಲ್ಲ ಹೊರಹಾಕುತ್ತದೆ. ಕೋರಿಕೆ ಆಗಲೇ ಸಿಸ್ಟಮ್‌ಡಿಯ ಕೈ ಸೇರಿರುವುದರಿಂದ ರೀಸ್ಟಾರ್ಟ್ ಪೂರ್ತಿಯಾಗುತ್ತದೆ, ಆದರೆ ಒತ್ತಿದವರಿಗೆ ಕಾಣುವುದು ಮುರಿದ ಪುಟ. ಕಮಾಂಡಿನ ನಂತರ ಬರೆದಿದ್ದ ಲಾಗ್ ಸಾಲು ಓಡುವುದೇ ಇಲ್ಲ. ಚೀಟಿ ವಿಧಾನದಲ್ಲಿ ಕೆಲಸ ಮಾಡುವವರು ಬೇರೆ ಗುಂಪಿನಲ್ಲಿರುವುದರಿಂದ ಈ ಫಜೀತಿಯಿಲ್ಲ. ಬಹಳ ಸಲ ಅಪಾಚೆಗೂ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರಿಗೂ ರೀಸ್ಟಾರ್ಟ್ ಬೇಕಾಗಿಯೇ ಇರುವುದಿಲ್ಲ, ರೀಲೋಡ್ ಸಾಕು. ನಡೆಯುತ್ತಿರುವ ಸಂಪರ್ಕ ಕಡಿಯದೆ ಹೊಸ ಕಾನ್ಫಿಗ್ ತೆಗೆದುಕೊಳ್ಳುತ್ತವೆ. ಯಾವುದೇ ಇರಲಿ, ಮೊದಲು ಕಾನ್ಫಿಗ್ ಪರೀಕ್ಷೆ ಓಡಿಸಿ, ಅದು ಪಾಸಾದರೆ ಮಾತ್ರ ಮುಂದುವರಿಯುವಂತೆ ಬರೆಯಿರಿ. ಅರ್ಧ ತಿದ್ದಿಟ್ಟ ಕಾನ್ಫಿಗ್ ಮೇಲೆ ಯಾರಾದರೂ ಬಟನ್ ಒತ್ತಿದರೆ ಅಪಾಚೆ ಮಲಗಿದ್ದು ಏಳುವುದಿಲ್ಲ, ಬಟನ್ ಇರುವ ಪುಟವೂ ಅದರ ಜೊತೆಗೇ ಹೋಯಿತು.

ನಮ್ಮದು ಡಾಕರ್. ಪುಟದ ಕಂಟೇನರಿಗೆ ಡಾಕರ್ ಸಾಕೆಟ್ ಕೊಟ್ಟರೆ ಆಯ್ತಲ್ಲ?

ಡಾಕರ್ ಎಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ, ಸಾಕೆಟ್ ಅದಕ್ಕೆ ಆಜ್ಞೆ ಕೊಡುವ ದಾರಿ. ಆ ಸಾಕೆಟ್ ಕೊಡುವುದೂ ರೂಟ್ ಕೊಡುವುದೂ ಒಂದೇ. ಸಾಕೆಟ್ ಸಿಕ್ಕವರು ಯಂತ್ರದ ಇಡೀ ಡಿಸ್ಕನ್ನು ಒಳಗೊಂಡ ಹೊಸ ಕಂಟೇನರ್ ಎಬ್ಬಿಸಬಹುದು. 'ಓದಲು ಮಾತ್ರ' ಎಂದು ಮೌಂಟ್ ಮಾಡಿದರೂ ಉಪಯೋಗವಿಲ್ಲ, ಅದು ಫೈಲಿಗೆ ಅನ್ವಯಿಸುತ್ತದೆಯೇ ಹೊರತು ಸಾಕೆಟ್ಟಿನಲ್ಲಿ ಹೋಗುವ ಮಾತಿಗಲ್ಲ. ಚೀಟಿಯ ಫೋಲ್ಡರನ್ನು ಮಾತ್ರ ಹಂಚಿಕೊಳ್ಳಿ, ಹೊರಗಿನ ಯಂತ್ರದ ಪಾತ್ ಯೂನಿಟ್ ಕಂಟೇನರನ್ನು ರೀಸ್ಟಾರ್ಟ್ ಮಾಡಲಿ.

ವೆಬ್‌ಮಿನ್, ಕಾಕ್‌ಪಿಟ್ ಎಲ್ಲಾ ಇರುವಾಗ ನೀವೇ ಯಾಕೆ ಬರೀತೀರಿ?

ಅವೆರಡೂ ಸರ್ವರನ್ನು ಬ್ರೌಸರಿನಿಂದ ನೋಡಿಕೊಳ್ಳುವ ಸಿದ್ಧ ತಂತ್ರಾಂಶಗಳು. ನನಗಾಗಿ ಆದರೆ ಕಾಕ್‌ಪಿಟ್ ಸಾಕು. 9090ನೇ ಪೋರ್ಟಿನಲ್ಲಿ ತೆರೆಯುತ್ತದೆ, ಲಿನಕ್ಸಿನ ಲಾಗಿನ್ನನ್ನೇ ಬಳಸುತ್ತದೆ, ಆ ಬಳಕೆದಾರನಿಗೆ ಇರುವುದಕ್ಕಿಂತ ಹೆಚ್ಚಿನ ಅಧಿಕಾರ ಕೊಡುವುದಿಲ್ಲ. ಆದರೆ ಕೌಂಟರಿನಲ್ಲಿ ಕೂತವರಿಗೆ ನೂರು ಬಟನ್ ಇರುವ ಪುಟ ಕೊಟ್ಟು 'ಇದೊಂದನ್ನು ಮಾತ್ರ ಮುಟ್ಟಿ' ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ವೆಬ್‌ಮಿನ್ 1997ರಿಂದ ಇದೆ, ಬಹಳ ಜನಕ್ಕೆ ಅನ್ನ ಹಾಕಿದೆ. 2019ರ ಆಗಸ್ಟಿನಲ್ಲಿ ಅದರ 1.890ರಿಂದ 1.920ರವರೆಗಿನ ಆವೃತ್ತಿಗಳಲ್ಲಿ ಹಿಂಬಾಗಿಲೊಂದು ಸಿಕ್ಕಿತು. ಕೋಡ್ ಕಟ್ಟುವ ಸರ್ವರಿಗೇ ನುಗ್ಗಿ ಯಾರೋ ಇಟ್ಟುಹೋಗಿದ್ದರು. ಪುಟ ರೂಟ್ ಆಗಿ ಓಡುವುದರಿಂದ ಹಿಂಬಾಗಿಲಿನಿಂದ ಬಂದವರೂ ರೂಟ್ ಆದರು. 1.930ರಲ್ಲಿ ಸರಿಪಡಿಸಿದರು.

ಎಲ್ಲ ಸರಿಯಾಗಿದೆ ಅಂತ ನಾನೇ ಹೇಗೆ ಪರೀಕ್ಷೆ ಮಾಡಲಿ?

ಕಳ್ಳನ ವೇಷ ಹಾಕಿ. ಸುಡೋ ಮೂಲಕ ವೆಬ್ ಸರ್ವರಿನ ಬಳಕೆದಾರನಾಗಿ ಒಂದು ಶೆಲ್ ತೆರೆದು, ನಿಮಗೇನು ಮಾಡಲು ಬರುತ್ತದೆ ನೋಡಿ. 'ಸುಡೋ -ಎಲ್' ಹೊಡೆದರೆ ಅವನಿಗೆ ಏನೇನು ಅನುಮತಿ ಇದೆ ಎಂಬ ಪಟ್ಟಿ ಬರುತ್ತದೆ. ಚೀಟಿ ವಿಧಾನವಾದರೆ ಏನೂ ಬರಬಾರದು. ಮಾರಿಯಾಡಿಬಿ ರೀಸ್ಟಾರ್ಟ್ ಮಾಡಲು ನೋಡಿ, ರೂಟಿನ ಸ್ಕ್ರಿಪ್ಟ್ ತಿದ್ದಲು ನೋಡಿ, ಯೂನಿಟ್ ಫೈಲಿಗೆ ಬರೆಯಲು ನೋಡಿ. ಲಾಗಿನ್ ಆಗದೆ ಪೋಸ್ಟ್ ಕಳಿಸಿ, ಟೋಕನ್ ಇಲ್ಲದೆ ಕಳಿಸಿ, ಸಂಖ್ಯೆ 99 ಎಂದು ಕಳಿಸಿ. ಇದನ್ನೆಲ್ಲ ರಜೆಯ ದಿನ ಮಾಡಿ.

ಈಗ ನಿಮ್ಮ ಕಾಲೇಜಿನಲ್ಲಿ ದಿನಾ ಒತ್ತುತ್ತಾರಾ?

ಮೊದಲ ಎರಡು ತಿಂಗಳು ಹೆಚ್ಚುಕಡಿಮೆ ವಾರಕ್ಕೊಮ್ಮೆ ಒತ್ತಿದರು. ಕಾರಣದ ಖಾನೆಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ಮುಕ್ಕಾಲು ಪಾಲು ಸೋಮವಾರ ಬೆಳಗ್ಗೆಯವು, ಎಲ್ಲವೂ 'ಸರ್ಚ್ ಇಲ್ಲ'. ಕರ್ನೆಲ್ ಲಾಗಿನಲ್ಲಿ ಉತ್ತರ ಸಿಕ್ಕಿತು: ಭಾನುವಾರ ರಾತ್ರಿಯ ಬ್ಯಾಕಪ್ಪೂ ನಾನೇ ಹಾಕಿದ್ದ ಪೂರ್ತಿ ರೀಇಂಡೆಕ್ಸೂ ಒಂದೇ ಹೊತ್ತಿಗೆ ಓಡಿ ಮೆಮೊರಿ ಸಾಲದೆ, ಔಟ್-ಆಫ್-ಮೆಮೊರಿ ಕಿಲ್ಲರ್ ಜೀಬ್ರಾವನ್ನು ಬಲಿ ಕೊಡುತ್ತಿತ್ತು. ರೀಇಂಡೆಕ್ಸನ್ನು ಎರಡು ಗಂಟೆ ಮುಂದಕ್ಕೆ ಹಾಕಿದೆ. ಕಳೆದ ತಿಂಗಳು ಬಟನ್ ಒತ್ತಿದ್ದು ಒಂದೇ ಸಲ. ಕಾರಣದ ಖಾನೆಯಲ್ಲಿ 'ಇನ್ನೂ ಕೆಲಸ ಮಾಡುತ್ತಾ ನೋಡಿದೆ ಸರ್' ಎಂದಿತ್ತು.